ದೇಸಾಯರ ಮನೆಯ ಹೊಸಬರು

ನನ್ನ ಮನೆಗೆ ಹೋಗಬೇಕಾದರೆ ನಾನು ಇನ್ನೊಬ್ಬರ ಹೆಸರು ಹೇಳಬೇಕು. ಧಾರವಾಡದ ಸ್ಟೇಶನ್ನಿನಿಂದ ಮಾಳಮಡ್ಡಿ ಏನು ಮಹಾ ದೂರವಲ್ಲ, ಆದರೆ ಗಂಟುಮೂಟೆ ಇದ್ದ ದಿನ ಟಾಂಗಾ ಬೇಕಾಗುತ್ತದೆ, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು, ಟ್ರಂಕನ್ನು ಕಾಲ ಬಳಿ ಇಟ್ಟುಕೊಂಡು ಟಾಂಗಾದವನ ಮುಂದೆ ನಿಂತರೆ ಅವನು ಕುದುರೆಗೆ ಹುಲ್ಲು ಹಾಕುವುದನ್ನು ನಿಲ್ಲಿಸದೆಯೇ "ಮಾಳಮಡ್ಡ್ಯಾಗ ಯಾರ ಮನಿರೀ?" ಎಂದು ಕೇಳುತ್ತಾನೆ. ನಾನು ನನ್ನ ಹೆಸರು ಹೇಳುತ್ತೇನೆ. ಅವನಿಗೆ ತಿಳಿಯುವುದಿಲ್ಲ. ಓಣಿಯ ಗುರುತು ಹೇಳುತ್ತೇನೆ, ಗೇಟಿನ ಬಣ್ಣ ಹೇಳುತ್ತೇನೆ, ಹಿತ್ತಲಿನ ನುಗ್ಗೆಯ ಮರವನ್ನೂ ಸಾಕ್ಷಿಗೆ ಕರೆಯುತ್ತೇನೆ, ಒಂದೂ ನಡೆಯುವುದಿಲ್ಲ. ಕೊನೆಗೆ ನಾಚಿಕೆಯನ್ನು ನುಂಗಿಕೊಂಡು "ದೇಸಾಯರ ಮನಿ" ಎಂದರೆ ಸಾಕು, ಅವನ ಮುಖ ಅರಳುತ್ತದೆ. "ಹಂಗಂತ ಮೊದಲ ಹೇಳಬಾರ್ದೇನ್ರಿ ಯಪ್ಪಾ! ದೇಸಾಯರ ಮನಿಗೆ ಬಂದ ಪಾವಣ್ಯಾರೇನು? ಹತ್ರಿ, ಹತ್ರಿ." ಹೀಗೆ ಆ ಮನೆಯ ಮನೆಪಟ್ಟಿ ಕಟ್ಟುವ ನಾನು, ಪಾವಣನಾಗಿ, ಎಂದರೆ ನಾಲ್ಕು ದಿನ ಉಂಡು ಹೋಗಲು ಬಂದ ನೆಂಟನಾಗಿ, ನನ್ನ ಮನೆಯ ಮುಂದೆಯೇ ಇಳಿಯುತ್ತೇನೆ.

ದೇಸಾಯರು ಈ ಮನೆಯನ್ನು ನನಗೆ ಮಾರಿ ಇದೇ ಊರಿನ ಸಪ್ತಾಪುರದ ಬಂಗಲೆಗೆ ಹೋಗಿ ಎಷ್ಟೋ ಮಳೆಗಾಲಗಳಾದವು. ಇಷ್ಟು ಸಣ್ಣ ಮಾತಿಗೆ ಇಷ್ಟು ಕಹಿಯೇಕೆ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ನನ್ನೊಬ್ಬನ ಪಾಡಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಗಂಡಸಿಗೆ ಕಚೇರಿಯಲ್ಲೊಂದು ಹೆಸರು, ಪೇಟೆಯಲ್ಲೊಂದು ಹೆಸರು, ಸಿಟ್ಟಿಗೆದ್ದ ಸಾಹೇಬರ ಬಾಯಲ್ಲಿ ಮತ್ತೊಂದು ಹೆಸರು ಇದ್ದೇ ಇರುತ್ತವೆ, ಒಂದು ಹೋದರೆ ಇನ್ನೊಂದರಲ್ಲಿ ಅವನು ಬದುಕಿಕೊಳ್ಳುತ್ತಾನೆ. ಆದರೆ ಈ ಮನೆಯನ್ನು ನಾನು ಕೊಂಡದ್ದು ನನಗಾಗಿ ಅಲ್ಲ. ನನ್ನ ಹೆಂಡತಿ ಗೋದಾಬಾಯಿಗಾಗಿ ಕೊಂಡೆ, ಅವಳು ಬಯಸಿದ ಒಂದೇ ಒಂದು ಶಬ್ದಕ್ಕಾಗಿ ಕೊಂಡೆ, ಆ ಶಬ್ದ ಮಾತ್ರ ಅವಳಿಗೆ ಇಲ್ಲಿ ಸಿಗಲಿಲ್ಲ.

ಆಗ ನಾನು ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಕಾರಕೂನ. ಮದುವೆಯಾದಾಗಿನಿಂದ ನಮ್ಮ ಸಂಸಾರವೆಲ್ಲ ಹಳೇ ಹುಬ್ಬಳ್ಳಿಯ ಒಂದು ಸಂದಿಯಲ್ಲಿ, ಒಬ್ಬ ಮುದುಕಿಯ ವಾಡೆಯ ಹಿಂದಿನ ಎರಡು ಖೋಲಿಗಳಲ್ಲಿ ನಡೆಯಿತು. ಮುದುಕಿಯ ಕಣ್ಣು ಮಂದವಾಗಿದ್ದರೂ ಕಿವಿ ಬಲು ಚುರುಕು, ಒಳಗೆ ಗೋದಾಬಾಯಿ ಒಂದು ಪಟ ತೂಗುಹಾಕಲು ಸುತ್ತಿಗೆ ಎತ್ತಿದರೆ ಹೊರಗಿನಿಂದ "ಏ ಬಾಡಿಗ್ಯಾಕಿ, ಗ್ವಾಡಿಗೆ ಮೊಳಿ ಬಡೀಬ್ಯಾಡ!" ಎಂಬ ಕೂಗು ಕೇಳುತ್ತಿತ್ತು. ಬಾಡಿಗ್ಯಾಕಿ! ಹಾಲಿನವನೂ ಹಾಗೆಯೇ ಕರೆದ, ಬಳೆಗಾರನೂ ಹಾಗೆಯೇ ಕರೆದ. ತವರಿನಲ್ಲಿ ಅವಳನ್ನು ಗೋದಾವರಿ ಎಂದು ತುಂಬುನದಿಯ ಹೆಸರಿಟ್ಟು ಕರೆದಿದ್ದರು. ನಾನಾದರೋ ಆ ಕಾಲದ ಮರ್ಯಾದೆಯಂತೆ ಹೆಂಡತಿಯ ಹೆಸರನ್ನು ನಾಲ್ಕು ಜನರ ಮುಂದೆ ಹೇಳುವವನಲ್ಲ. ಹೀಗಾಗಿ ಅವಳ ಹೆಸರು ತಂದೆಯ ಮನೆಯ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಯಾಗಿ ಅಲ್ಲೇ ಉಳಿದುಬಿಟ್ಟಿತು.

"ನನಗ ಬಂಗಾರ ಬ್ಯಾಡ್ರಿ, ಪಾಟ್ಲಿ ಬ್ಯಾಡ," ಎಂದು ಅವಳು ಒಂದು ಸಂಜೆ ಅಕ್ಕಿ ಆರಿಸುತ್ತ ಹೇಳಿದಳು. "ಒಂದು ಓಣ್ಯಾಗ ನಮ್ಮದಂತ ಒಂದು ಮನಿ ಇರಬೇಕು. ನಾಲ್ಕು ಮಂದಿ ಬಾಗಲಕ್ಕ ಬಂದು 'ವೈನೀ, ಅದೀರೇನ್ರಿ?' ಅಂತ ಕರೀಬೇಕು. ಅಷ್ಟಾದ್ರ ನನ್ನ ಜನ್ಮ ಸಾರ್ಥಕ ಆತು ನೋಡ್ರಿ." ವೈನಿ ಎಂದರೆ ಅಣ್ಣನ ಹೆಂಡತಿ ಎಂದು ಅರ್ಥ, ಆದರೆ ನಮ್ಮ ಧಾರವಾಡದ ಓಣಿಗಳಲ್ಲಿ ಆ ಶಬ್ದ ರಕ್ತಸಂಬಂಧದ ಗಡಿ ದಾಟಿ ಎಷ್ಟೋ ಕಾಲವಾಗಿದೆ. ಯಾರ ಮನೆಯ ಉಪ್ಪಿನಕಾಯಿಯ ಭರಣಿಗೆ ಓಣಿಯೆಲ್ಲ ಕೈ ಚಾಚುತ್ತದೆಯೋ, ಯಾರನ್ನು ಕೇಳದೆ ಬಾಣಂತಿಗೆ ಎಣ್ಣೆ ಕಾಯಿಸುವುದಿಲ್ಲವೋ, ಅಂಥವಳು ವೈನಿ. ಅದನ್ನು ಸರಕಾರ ಕೊಡುವುದಿಲ್ಲ, ಗಂಡ ತಂದುಕೊಡಲಾರ, ಓಣಿಯೇ ಒಲಿದು ಕೊಡಬೇಕು.

ಕಚೇರಿಯ ಗೆಳೆಯನೊಬ್ಬ ಬುದ್ಧಿ ಹೇಳಿದ: ಬೈರಿದೇವರಕೊಪ್ಪದ ಹತ್ತಿರ ಬಯಲು ಜಾಗ ಅಗ್ಗಕ್ಕೆ ಸಿಗುತ್ತದೆ, ನಿನಗೆ ಬೇಕಾದಂತೆ ಹೊಸ ಮನೆ ಕಟ್ಟಿಸು, ಇನ್ನೊಬ್ಬರು ಉಂಡು ಮಲಗಿದ ಮನೆಯ ಗೊಡವೆ ಏಕೆ ಎಂದ. ನಾನು ಬಂದು ಹೇಳಿದೆ. ಗೋದಾಬಾಯಿ ಮೊರವನ್ನು ಕೆಳಗಿಟ್ಟು ನನ್ನನ್ನು ನೋಡಿದಳು. "ಆ ಬಯಲಾಗ ನನ್ನ ವೈನಿ ಅನ್ನವರು ಯಾರು? ನರಿ ಅಂದಾವೇನು?" ನಾವು ಹಳೆಯ ಬಡಾವಣೆಯಲ್ಲಿ ಹಳೆಯ ಮನೆಯನ್ನು ಹುಡುಕತೊಡಗಿದ್ದು ಹೀಗೆ. ಗೋಡೆಗಾಗಿ ಅಲ್ಲ, ಹೆಂಚಿಗಾಗಿ ಅಲ್ಲ, ನೆರೆಗಾಗಿ. ನೆರೆ ಎಂಬುದು ನಮ್ಮ ಭಾಷೆಯಲ್ಲಿ ಬಹಳ ಕುಹಕದ ಮಾತು ಎಂಬುದು ಆಗ ನನಗೆ ಹೊಳೆಯಲಿಲ್ಲ. ಪಕ್ಕದ ಮನೆಯವರೂ ನೆರೆಯೇ, ಹೊಳೆ ದಡ ಮೀರಿದರೂ ನೆರೆಯೇ, ತಲೆಗೂದಲು ಬೆಳ್ಳಗಾದರೂ ನೆರೆಯೇ. ಮೊದಲನೆಯದನ್ನು ಬಯಸಿ ಬಂದವನಿಗೆ ದಕ್ಕಿದ್ದು ಕೊನೆಯದೊಂದೇ.

ಮಾಳಮಡ್ಡಿಯಲ್ಲಿ ಸಿಕ್ಕ ಈ ಮನೆ ಸೊಗಸಾಗಿತ್ತು, ಸುಳ್ಳು ಹೇಳುವುದಿಲ್ಲ. ಮುಂದೆ ಕಲ್ಲಿನ ಕಟ್ಟೆ, ಮಂಗಳೂರು ಹೆಂಚಿನ ಮಾಡು, ಬಿಸಿಲು ಹದವಾಗಿ ಇಳಿಯುವ ಪಡಸಾಲೆ, ಹಿತ್ತಲಿನಲ್ಲಿ ಸಿಹಿನೀರಿನ ಬಾವಿ, ಬಾವಿಯ ಪಕ್ಕ ಪಾರಿಜಾತ, ಕರಿಬೇವು, ನುಗ್ಗೆ. ದೇಸಾಯರು ಹೆಸರಾಂತ ವಕೀಲರು. ಮಕ್ಕಳು ದೊಡ್ಡವರಾಗಿ ಸಪ್ತಾಪುರದಲ್ಲಿ ಬಂಗಲೆ ಕಟ್ಟಿಸಿದ್ದರಿಂದ ಹಳೆಯದನ್ನು ಬಿಡುತ್ತಿದ್ದರು. ಅವರು ನನಗೆ ಗೋಡೆಗಳನ್ನು ತೋರಿಸುತ್ತಿರುವಾಗ ಅವರ ಹೆಂಡತಿ ಗೋದಾಬಾಯಿಗೆ ಒಲೆಯನ್ನು ತೋರಿಸುತ್ತಿದ್ದರು, ಮತ್ತು ಅಷ್ಟರಲ್ಲೇ ಹಿತ್ತಲ ಬಾಗಿಲಿನಿಂದ "ವೈನೀ!" ಎಂದು ಒಬ್ಬಳು, ಮುಂಬಾಗಿಲಿನಿಂದ "ವೈನಿ, ಒಂಚೂರು ಹೆಪ್ಪು ಕೊಡ್ರಿ" ಎಂದು ಇನ್ನೊಬ್ಬಳು ಬಂದು ಹೋದರು. ಗೋದಾಬಾಯಿಯ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ಬಾವಿಯನ್ನು ನೋಡಿ ಅಲ್ಲ, ಆ ಕೂಗನ್ನು ಕೇಳಿ. ಮನೆಯ ಜೊತೆಗೆ ಆ ಕೂಗೂ ಬರುತ್ತದೆ ಎಂದು ಆ ಹುಚ್ಚಿ ತಿಳಿದಳು, ಅವಳ ಸಂತೋಷ ನೋಡಿ ಈ ಹುಚ್ಚನೂ ಹಾಗೆಯೇ ತಿಳಿದ.

ಖರೀದಿ ಪತ್ರ ಬರೆಯುವವನು ನಮ್ಮ ಕಡೆಯ ಸಂಪ್ರದಾಯದಂತೆ ಜಲ, ತರು, ತೃಣ, ಕಾಷ್ಠ, ಪಾಷಾಣ, ನಿಧಿ, ನಿಕ್ಷೇಪ ಸಹಿತವಾಗಿ ಮನೆಯನ್ನು ನನ್ನ ಪಾಲಿಗೆ ಬರೆದುಕೊಟ್ಟ. ಕೇಳುವಾಗ ಕಿವಿಗೆ ಎಂಥ ಇಂಪು! ನೀರು ನನ್ನದು, ಮರ ನನ್ನದು, ಹುಲ್ಲುಕಡ್ಡಿಯೂ ನನ್ನದು, ನೆಲದಡಿಯಲ್ಲಿ ಹೊನ್ನಿನ ಕೊಪ್ಪರಿಗೆ ಇದ್ದರೆ ಅದೂ ನನ್ನದು. ಮನೆಯ ಹೆಸರು ಯಾರದು ಎಂಬುದನ್ನು ಆ ಮಹಾನುಭಾವ ಬರೆಯಲಿಲ್ಲ, ಕೇಳಬೇಕೆಂದು ನನಗೂ ತೋಚಲಿಲ್ಲ. ಮಾರಿದವರು ನೆಲಗೋಡೆಗಳನ್ನು ಬಿಟ್ಟುಕೊಟ್ಟು ಹೆಸರನ್ನು ಉಳಿಸಿಕೊಂಡರು. ಕೊಂಡವನೂ ನಾನೇ, ಕಳೆದುಕೊಂಡವನೂ ನಾನೇ.

ಹೊಸ್ತಿಲು ದಾಟಿಸಿಕೊಡುವ ದಿನ ದೇಸಾಯಿ ವೈನಿ ಗೋದಾಬಾಯಿಗೆ ಕುಂಕುಮ ಹಚ್ಚಿದರು, ಕೀಲಿಕೈಯನ್ನು ಕೈಯಲ್ಲಿಟ್ಟರು, ಒಮ್ಮೆ ದೇವರ ಮನೆಯ ಕಡೆಗೆ ತಿರುಗಿ ಕೈಮುಗಿದು, ಕಣ್ಣೊರೆಸಿಕೊಂಡು "ಬರ್ತೀನ್ರಿ" ಎಂದರು. ಹೋಗುವಾಗ ಹೋಗುತ್ತೇನೆ ಎನ್ನಬಾರದು, ಬರುತ್ತೇನೆ ಎನ್ನಬೇಕು. ಇದು ನಮ್ಮ ನಾಡಿನಲ್ಲೆಲ್ಲ ಇರುವ ಶುಭದ ಮಾತು, ಯಾರೂ ಅದನ್ನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ದೇಸಾಯಿ ವೈನಿ ತೆಗೆದುಕೊಂಡರು. ಹೋದವರು ಬಂದರು, ಮತ್ತೆ ಬಂದರು, ಬರುತ್ತಲೇ ಇದ್ದರು. ಪಾರಿಜಾತದ ಹೂವಿಗೆಂದು ಬಂದರು, ಕರಿಬೇವಿನ ಎಲೆಗೆಂದು ಬಂದರು, ಸಪ್ತಾಪುರದ ನೀರಿಗೆ ಬೇಳೆ ಬೇಯುವುದಿಲ್ಲವೆಂದು ಬಾವಿಯ ನೀರಿಗೆ ಆಳನ್ನು ಕಳಿಸಿದರು, ಆಳಿನ ಹಿಂದೆ ತಾವೂ ಬಂದರು. ಅವರ ಟಾಂಗಾ ಓಣಿಯ ತಿರುವಿನಲ್ಲಿ ಕಂಡರೆ ಸಾಕು, ಮನೆಮನೆಯ ಬಾಗಿಲು ತೆರೆದು ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ ಸೇರುತ್ತಿದ್ದರು. ಗೋದಾಬಾಯಿ ಒಳಗೆ ಚಹಾ ಕಾಸುತ್ತಿದ್ದಳು. ತನ್ನ ಕಟ್ಟೆಯ ಮೇಲೆ ತನ್ನ ಕಪ್ಪುಬಸಿಯಲ್ಲಿ ತನ್ನ ಚಹಾ ಕುಡಿಯುತ್ತ ಓಣಿಯವರು ಇನ್ನೊಬ್ಬಳನ್ನು ವೈನಿ, ವೈನಿ ಎಂದು ಕರೆಯುವುದನ್ನು ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು.

ದೇಸಾಯಿ ವೈನಿ ಕೆಟ್ಟವರಾಗಿದ್ದರೆ ಎಷ್ಟು ಸಸಾರವಾಗುತ್ತಿತ್ತು! ಒಂದು ಜಗಳ ತೆಗೆದು ಬಾಗಿಲು ಹಾಕಿಕೊಳ್ಳಬಹುದಿತ್ತು. ಆಕೆ ಒಳ್ಳೆಯವರು, ಅದೇ ಗೋಳು. "ಇಲ್ಲಿ ಹಂಡೆ ಇಡಬ್ಯಾಡವಾ, ಗ್ವಾಡಿಗೆ ತಂಪು ಏರತದ," ಎಂದು ಅಕ್ಕರೆಯಿಂದ ಹೇಳುತ್ತಿದ್ದರು. ಹೇಳಿದ್ದು ಖರೆಯೂ ಆಗಿರುತ್ತಿತ್ತು. ಗೋದಾಬಾಯಿ ಹಂಡೆಯನ್ನು ಎತ್ತಿ ಬೇರೆ ಕಡೆ ಇಡುತ್ತಿದ್ದಳು. ಅಲ್ಲಿ ಹಳೇ ಹುಬ್ಬಳ್ಳಿಯಲ್ಲಿ ಮುದುಕಿ ಮೊಳೆ ಬಡಿಯಬೇಡ ಎಂದಾಗ ಸಿಟ್ಟಾದರೂ ಬರುತ್ತಿತ್ತು, ಇಲ್ಲಿ ಸಿಟ್ಟು ಮಾಡುವುದಕ್ಕೂ ಜಾಗವಿರಲಿಲ್ಲ.

ಓಣಿಯವರು ನಮ್ಮನ್ನು ಕರೆಯುತ್ತಿರಲಿಲ್ಲವೆಂದಲ್ಲ, ಕರೆಯುತ್ತಿದ್ದರು: ಹೊಸಬರು. "ದೇಸಾಯರ ಮನಿ ಹೊಸಬರು ಬಂದ್ರು ನೋಡ್ರಿ." ಮಗಳು ಶಾಂತೆಯ ಮದುವೆಯಾಗಿ, ಅವಳ ಕೂಸು ನಮ್ಮ ಅಂಗಳದಲ್ಲಿ ಅಂಬೆಗಾಲಿಟ್ಟು, ಆ ಕೂಸಿಗೆ ಹಲ್ಲು ಬಂದು ಬಿದ್ದು ಮತ್ತೆ ಬಂದರೂ ನಾವು ಹೊಸಬರೇ. ಸುಣ್ಣ ಬಣ್ಣ ಮಾಡಿಸಿದ ಗೋಡೆ ಹಳತಾಯಿತು, ಹೊದಿಸಿದ ಹೆಂಚಿನ ಮೇಲೆ ಪಾಚಿ ಕಟ್ಟಿತು, ನಾವು ಮಾತ್ರ ಮಾಸಲಿಲ್ಲ. ಹೊಸತನಕ್ಕೆ ಇಷ್ಟು ಬಾಳಿಕೆ ಇರುತ್ತದೆಂದು ನಾನು ಮೊದಲು ತಿಳಿದಿರಲಿಲ್ಲ.

ನನಗೂ ಒಮ್ಮೆ ಹಟ ಬಂತು. ಒಳ್ಳೆಯ ಸಾಗವಾನಿಯ ಪಾಟಿ ಮಾಡಿಸಿ, ಅದರ ಮೇಲೆ ದುಂಡನೆಯ ಅಕ್ಷರದಲ್ಲಿ ನನ್ನ ಹೆಸರನ್ನು ಕೆತ್ತಿಸಿ ಗೇಟಿನ ಕಂಬಕ್ಕೆ ಹಚ್ಚಿಸಿದೆ. ಬಡಿಗೇರನು ಅದನ್ನು ಹೊತ್ತು ತರುವಾಗಲೇ ಓಣಿಯ ಬಾಯಲ್ಲಿ "ದೇಸಾಯರ ಮನಿ ಎಲ್ಲೈತ್ರಿ?" ಎಂದು ವಿಚಾರಿಸುತ್ತ ಬಂದ ಎಂಬುದು ಬೇರೆ ಮಾತು. ಎದುರು ಮನೆಯ ದತ್ತೋಪಂತರು, ನಿವೃತ್ತ ಮಾಸ್ತರರು, ಕನ್ನಡಕ ಏರಿಸಿಕೊಂಡು ಬಂದು ಅಕ್ಷರಗಳನ್ನು ಒಂದೊಂದಾಗಿ ಓದಿದರು. "ಛಲೋ ಆತು ರಾಯರ," ಎಂದರು ಬಹಳ ಸಂತೋಷದಿಂದ, "ದೇಸಾಯರ ಮನಿಗೆ ಒಂದು ಪಾಟಿ ಇರಲಿಲ್ಲ ನೋಡ್ರಿ. ಮಂದಿಗೆ ಗುರ್ತು ಹಿಡೀಲಿಕ್ಕೆ ತ್ರಾಸ ಆಗ್ತಿತ್ತು." ನಾನು ನಗಬೇಕೋ ಅಳಬೇಕೋ ತಿಳಿಯದೆ ಅವರಿಗೆ ಅಡಿಕೆಲೆ ಕೊಟ್ಟು ಕಳಿಸಿದೆ.

ಗೋದಾಬಾಯಿಯ ಹಟ ನನ್ನದರಂತೆ ಮರದ್ದಲ್ಲ. ಚೈತ್ರದಲ್ಲಿ ಗೌರಿಯನ್ನು ಕೂರಿಸಿ ಅವಳು ಓಣಿಗೆಲ್ಲ ಅರಿಷಿಣ ಕುಂಕುಮಕ್ಕೆ ಹೇಳಿಬಂದಳು. ಮನೆಮನೆಗೆ ತಾನೇ ಹೋಗಿ ಕರೆದಳು. ಕೋಸಂಬರಿ, ಪಾನಕ ಮಾಡಿದಳು, ಆರತಿಯ ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ಥಳಥಳ ಬೆಳಗಿದಳು, ಹಾಸಿದ ಜಮಖಾನೆಯ ಸುಕ್ಕನ್ನು ಮತ್ತೆ ಮತ್ತೆ ಅಂಗೈಯಿಂದ ತೀಡಿದಳು. ಕರೆಯಿಸಿಕೊಂಡವರು ಬಾಗಿಲಲ್ಲಿ ಕೇಳಿದ್ದು ಒಂದೇ ಮಾತು: "ವೈನಿ ಬರ್ತಾರೇನ್ರಿ?" ವೈನಿ ಆ ವರ್ಷ ಮೈಯಲ್ಲಿ ಆರಾಮಿಲ್ಲದೆ ಬರಲಿಲ್ಲ. ಓಣಿಯೂ ಬರಲಿಲ್ಲ. ಬಂದ ಬೆರಳೆಣಿಕೆಯವರು ನಿಂತ ಕಾಲಲ್ಲಿ ಕುಂಕುಮ ಹಚ್ಚಿಸಿಕೊಂಡು, ಗೌರಿಯ ಮುಂದೆ ನಿಂತು ವೈನಿ ಕೂರಿಸುತ್ತಿದ್ದ ಗೌರಿಯನ್ನು ನೆನೆದು ಹೋದರು. ಉಳಿದ ಕೋಸಂಬರಿಯನ್ನು ಸಂಜೆ ನಾನು ಕುಳಿತು ತಿಂದೆ. ಪಾತ್ರೆ ಬರಿದಾಗುವವರೆಗೂ ತಿಂದೆ, ಅವಳು ನನ್ನನ್ನೇ ನೋಡುತ್ತಿದ್ದಳು.

ಮರುವರ್ಷ ಅವಳು ಏನು ಮಾಡಿದಳು ಗೊತ್ತೇ? ತಾನೇ ಟಾಂಗಾ ಹತ್ತಿ ಸಪ್ತಾಪುರಕ್ಕೆ ಹೋಗಿ, ದೇಸಾಯಿ ವೈನಿಯ ಕೈಹಿಡಿದು, ನೀವು ಬಂದರೇ ನಮ್ಮ ಗೌರಿಗೆ ಕಳೆ ಎಂದು ಬೇಡಿಕೊಂಡು ಕರೆತಂದಳು. ಅಂಗಳ ತುಂಬಿತು, ಜಮಖಾನೆ ಸಾಲದೆ ಚಾಪೆ ಹಾಸಿದೆವು. ಎಲ್ಲರೂ ಹೋದ ಮೇಲೆ ಆರತಿಯ ತಟ್ಟೆಯನ್ನು ತೊಳೆಯುತ್ತ ನಿಂತವಳು ತಿರುಗದೆಯೇ ಹೇಳಿದಳು: "ಹುಬ್ಬಳ್ಳ್ಯಾಗ ಬಾಡಿಗ್ಯಾಕಿ ಅಂತಿದ್ರು. ಅಲ್ಲೇ ಛಲೋ ಇತ್ರಿ. ಅಲ್ಲಿ ನಾನು ಬಾಡಿಗ್ಯಾಕೀನ ಇದ್ದೆ." ಆ ಮಾತು ನನ್ನ ಎದೆಯಲ್ಲಿ ಈಗಲೂ ಇದೆ.

ಮಾರಿಬಿಡೋಣ ಎಂದೆ. ಅವಳು ನಕ್ಕಳು. "ಮಾರಿದ್ರ ಮಂದಿ ಏನಂತಾರ್ರಿ? ದೇಸಾಯರ ಮನಿ ಮಾರಿತಂತ ಅಂತಾರ. ನಾವು ಇದ್ದದ್ದೂ ಯಾರಿಗೂ ನೆನಪಿರೂದಿಲ್ಲ." ಅಷ್ಟು ಖರೆಯಾದ ಮಾತನ್ನು ನಾನು ಯಾವ ಪಂಡಿತರ ಬಾಯಲ್ಲೂ ಕೇಳಿಲ್ಲ.

ಮನೆಯೆಂಬುದರ ಬಗ್ಗೆ ನಾನು ಆಗಿನಿಂದ ಬಹಳ ಯೋಚಿಸಿದ್ದೇನೆ, ಯೋಚಿಸಲು ಬೇಕಾದಷ್ಟು ಒಂಟಿ ಮಧ್ಯಾಹ್ನಗಳು ಈಗ ನನ್ನ ಬಳಿ ಇವೆ. ಬಯಲಿನಲ್ಲಿ ಕಟ್ಟಿದ ಮನೆಗೆ ನೆನಪಿಲ್ಲ, ಅದು ಕೂಸು. ಎತ್ತಿಕೊಂಡವರನ್ನೇ ಅವ್ವ ಎನ್ನುತ್ತದೆ. ಹಳೆಯ ಓಣಿಯ ಮನೆ ಹಾಗಲ್ಲ, ಅದಕ್ಕೆ ಒಂದು ಸಂಸಾರ ಆಗಿಹೋಗಿರುತ್ತದೆ, ಅದರ ಗುಟ್ಟುಗಳನ್ನೆಲ್ಲ ಅಕ್ಕಪಕ್ಕದವರು ಹಂಚಿಕೊಂಡಿರುತ್ತಾರೆ. ಅಲ್ಲಿ ಯಾವ ಕೋಣೆಯಲ್ಲಿ ಯಾರು ಹುಟ್ಟಿದರು, ಯಾವ ಮೆಟ್ಟಿಲಿನಲ್ಲಿ ಯಾರು ಜಾರಿಬಿದ್ದರು ಎಂಬುದು ಮನೆಯಲ್ಲಿ ವಾಸಿಸುವ ನಿಮ್ಮೊಬ್ಬರನ್ನು ಬಿಟ್ಟು ಓಣಿಗೆಲ್ಲ ಗೊತ್ತು. ನೀವು ಕೊಟ್ಟ ರೊಕ್ಕಕ್ಕೆ ಬಾಗಿಲು ತೆರೆಯುತ್ತದೆ, ಬಾಯಿ ತೆರೆಯುವುದಿಲ್ಲ. ಜನ ದುಷ್ಟರೆಂದು ನಾನು ಅನ್ನುವುದಿಲ್ಲ. ಅವರು ಹೆಸರು ಬದಲಿಸಲು ಸೋಮಾರಿಗಳು, ಅಷ್ಟೇ. ಆದರೆ ಒಬ್ಬರ ಸೋಮಾರಿತನ ಇನ್ನೊಬ್ಬರ ಆಯುಷ್ಯವನ್ನೇ ತಿನ್ನಬಲ್ಲದು ಎಂದು ನನಗೆ ಕಲಿಸಿದ್ದು ಈ ಓಣಿ.

ಒಂದು ಮಳೆಗಾಲದ ಕೊನೆಯಲ್ಲಿ ಗೋದಾಬಾಯಿ ವಿಷಮಜ್ವರದಿಂದ ಮಲಗಿದಳು. ಶಾಂತೆ ಗಂಡನ ಮನೆಯಿಂದ ಬಂದು ತಾಯಿಯ ತಲೆದೆಸೆಯಲ್ಲೇ ಕುಳಿತಳು. ಡಾಕ್ಟರರು ಬರುತ್ತ ಹೋಗುತ್ತ ಇದ್ದರು, ಬರುಬರುತ್ತ ಅವರ ಮಾತು ಕಡಿಮೆಯಾಯಿತು. ಒಂದು ಬೆಳಿಗ್ಗೆ, ಅಂಗಳದಲ್ಲಿ ಎಳೆಬಿಸಿಲು ಬಿದ್ದ ಹೊತ್ತಿಗೆ, ಎಲ್ಲ ಮುಗಿಯಿತು. ದತ್ತೋಪಂತರೇ ಮುಂದಾಗಿ ಭಟ್ಟರಿಗೆ, ಬಿದಿರಿಗೆ, ನಾಲ್ಕು ಜನಕ್ಕೆ ಹೇಳಿಕಳಿಸಿದರು. ಅವರು ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. "ದೇಸಾಯರ ಮನ್ಯಾಗ ಹೆಣ್ಣುಮಕ್ಕಳು ತೀರಿಕೊಂಡಾರ" ಎಂದರು, ನಮ್ಮ ಕಡೆ ಮನೆಯೊಡತಿಯನ್ನು ಹಾಗೆಯೇ ಹೇಳುವುದು. ಆ ಮಾತು ಮಾಳಮಡ್ಡಿಯ ತಿರುವು ದಾಟಿ, ಸ್ಟೇಶನ್ನಿನ ಟಾಂಗಾದವರ ಕಿವಿಗೆ ಬಿದ್ದು, ಕೋರ್ಟಿನ ಕಟ್ಟೆ ಏರಿ ಪೇಟೆಗೆ ಇಳಿಯುವಷ್ಟರಲ್ಲಿ "ದೇಸಾಯಿ ವೈನಿ ಹೋದ್ರಂತ" ಎಂದಾಗಿ ನಮ್ಮ ಓಣಿಗೂ ಮರಳಿ ಬಂತು, ಹಳೆಯ ಮನೆಗೆ ಬಂದಿದ್ದಾಗಲೇ ವೈನಿ ಹೋದರೆಂದು ಓಣಿಯೂ ನಂಬಿತು.

ನನಗೆ ಆಗ ಇದೊಂದೂ ಗೊತ್ತಿರಲಿಲ್ಲ. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದೆ. ಮಂದಿ ಬರತೊಡಗಿದರು. ಒಬ್ಬಿಬ್ಬರಲ್ಲ, ಗೇಟಿನಲ್ಲಿ ನೂಕುವಷ್ಟು ಮಂದಿ. ವಕೀಲರು ಬಂದರು, ವ್ಯಾಪಾರಸ್ಥರು ಬಂದರು, ನಾನು ಮುಖ ನೋಡಿ ಅರಿಯದ ಹಿರಿಯರು ರುಮಾಲು ಕೈಯಲ್ಲಿ ಹಿಡಿದು ಬಂದರು. ಮುತ್ತೈದೆಯಾಗಿ ಹೋದವಳಿಗೆ ಹಸಿರು ಬಳೆ ಇಟ್ಟು ಉಡಿ ತುಂಬುವುದು ನಮ್ಮ ಪದ್ಧತಿ. ಓಣಿಯ ಹೆಂಗಸರು ಸೆರಗಿನ ಕೆಳಗೆ ರವಿಕೆಯ ಖಣ, ಬಳೆ, ಹೂವಿನ ದಂಡೆ ಹಿಡಿದುಕೊಂಡು, ಅತ್ತು ಕೆಂಪಾದ ಕಣ್ಣಿನಿಂದ ಬಂದರು. ನಮ್ಮ ಅಂಗಳ ಹಿಂದೆಂದೂ ಹಾಗೆ ತುಂಬಿರಲಿಲ್ಲ. ನನ್ನ ಎದೆ ಒಡೆದು ಬಂತು, ದುಃಖಕ್ಕಲ್ಲ, ಕೃತಜ್ಞತೆಗೆ. ಅಯ್ಯೋ, ಈ ಜನರನ್ನು ಎಷ್ಟು ಬೈದುಕೊಂಡೆ, ಇವರ ಎದೆಯಲ್ಲಿ ಇಷ್ಟು ಪ್ರೀತಿ ಇತ್ತಲ್ಲ ಎಂದುಕೊಂಡೆ. ಎದ್ದು ಒಳಗೆ ಹೋಗಿ, ಹುಚ್ಚನಂತೆ, ಶಾಂತೆಯ ಮುಂದೆಯೇ, ಎಂದೂ ಕರೆಯದ ಹೆಸರು ಹಿಡಿದು ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ: "ಗೋದಾ, ಮಂದಿ ಬಂದಾರ ನೋಡು. ನಿನಗ ಅಂತ ಬಂದಾರ."

ಹೊರಗೆ ಬಂದಾಗ ಒಬ್ಬ ವಯಸ್ಸಾದ ವಕೀಲರು ನನ್ನ ಭುಜದ ಮೇಲೆ ಕೈಯಿಟ್ಟರು. "ದೇಸಾಯರು ಎಲ್ಲಿದ್ದಾರ್ರಿ? ಪಾಪ, ಈ ವಯಸ್ಸಿನ್ಯಾಗ ಅವರಿಗೆ ಹಿಂಗಾಗಬಾರದಿತ್ತು."

"ದೇಸಾಯರು ಸಪ್ತಾಪುರದಾಗ ಇರ್ತಾರ್ರಿ," ಎಂದೆ. "ಹೋದಾಕಿ ನನ್ನ ಹೆಂಡತಿ."

ಅವರು ನನ್ನ ಮುಖವನ್ನು ನೋಡಿದರು, ಮನೆಯ ಮಾಡನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಅಂದ್ರ... ವೈನಿ ಅಲ್ಲೇನ್ರಿ?"

"ಅಲ್ರಿ."

"ಸದ್ಯ!" ಎಂದರು.

ಆ ಮುದುಕರನ್ನು ನಾನು ಬೈಯಲಾರೆ. ಆಡಿದ ಮರುಕ್ಷಣವೇ ಅವರ ಮುಖ ಕಪ್ಪಿಟ್ಟಿತು, ನಾಲಗೆ ಕಚ್ಚಿಕೊಂಡರು, ನನ್ನ ಕೈ ಹಿಡಿದು ಏನೇನೋ ತೊದಲಿದರು. ಆದರೆ ಆ ಎರಡಕ್ಷರದ ಶಬ್ದ ಅವರ ಬಾಯಿಂದ ಇಳಿದು ಅಂಗಳದಲ್ಲಿ ಒಬ್ಬರಿಂದ ಒಬ್ಬರಿಗೆ ನಡೆದುಹೋಯಿತು, ನಾನು ನೋಡುತ್ತಲೇ ಇದ್ದೆ. "ವೈನಿ ಅಲ್ಲಂತ." "ಹೌದೇನ? ಸದ್ಯ ಬಿಡ್ರಿ!" "ನನ್ನ ಎದಿ ಒಡದಂಗಾಗಿತ್ತು ನೋಡವಾ." "ಮತ್ತ ಯಾರು?" "ಅವರ, ಹೊಸಬರು." ಎದೆಯ ಮೇಲೆ ಇಟ್ಟ ಕೈಗಳು ಕೆಳಗಿಳಿದವು. ಒಬ್ಬಳು ಕಣ್ಣೀರನ್ನು ಸೆರಗಿನಿಂದ ಒರೆಸಿ, ಮುಗುಳ್ನಗುವುದೂ ತರವಲ್ಲವೆಂದು ತುಟಿ ಬಿಗಿದಳು. ಇನ್ನೊಬ್ಬಳು ಸೆರಗಿನ ಕೆಳಗಿದ್ದ ಖಣವನ್ನು ಮಡಿಸಿ, ಸದ್ದಾಗದಂತೆ, ಚೀಲದೊಳಗೆ ಮರಳಿ ಇಟ್ಟಳು. ರುಮಾಲು ಕಳಚಿದವರು ಸುತ್ತಿಕೊಂಡರು. ಕೆಲವರು ಗೇಟಿನ ಕಡೆಗೆ ಸರಿದರು. ಅವರಿಗೂ ಕೋರ್ಟು ಇತ್ತು, ಅಂಗಡಿ ಇತ್ತು, ನನ್ನ ಹೆಂಡತಿಯ ಸಾವಿಗೆ ಅವರು ತಯಾರಾಗಿ ಬಂದಿರಲಿಲ್ಲ.

ಅಷ್ಟರಲ್ಲಿ ಗೇಟಿನ ಮುಂದೆ ಟಾಂಗಾ ನಿಂತಿತು. ದೇಸಾಯಿ ವೈನಿ ಇಳಿದರು. ತಾವು ಸತ್ತ ಸುದ್ದಿ ಕೇಳಿ ಅಳುತ್ತ ಸಪ್ತಾಪುರಕ್ಕೇ ಓಡಿದವರಿಗೆ ತಾವೇ ಬಾಗಿಲು ತೆರೆದಿದ್ದರಂತೆ. ಹೋದವಳು ಯಾರೆಂದು ಆಗಲೇ ತಿಳಿದು ಉಟ್ಟ ಸೀರೆಯಲ್ಲೇ ಹೊರಟುಬಂದಿದ್ದರು. ಅವರನ್ನು ಕಂಡದ್ದೇ ಅಂಗಳದ ಹೆಂಗಸರೆಲ್ಲ ಗೇಟಿಗೆ ಓಡಿದರು. ಒಬ್ಬಳು ಕೈ ಹಿಡಿದಳು, ಒಬ್ಬಳು ಗಲ್ಲ ಮುಟ್ಟಿ ಬೆರಳು ಮಡಿಸಿ ದೃಷ್ಟಿ ತೆಗೆದಳು. "ವೈನೀ, ನಮ್ಮ ಆಯುಷ್ಯ ನಿಮಗ ಇರಲಿ ನಮ್ಮವ್ವಾ!" ಎಂದು ಮುದುಕಿಯೊಬ್ಬಳು ಗಟ್ಟಿಯಾಗಿ ಅತ್ತಳು. ನನ್ನ ಅಂಗಳದಲ್ಲಿ, ನನ್ನ ಹೆಂಡತಿ ಒಳಗೆ ನೆಲದ ಮೇಲೆ ಮಲಗಿರುವಾಗ, ಓಣಿ ಆನಂದದಿಂದ ಅಳುತ್ತಿತ್ತು. ಒಳಗೆ ಗೋದಾಬಾಯಿಯ ಬಳಿ ಇದ್ದದ್ದು ಶಾಂತೆ ಒಬ್ಬಳೇ.

ದೇಸಾಯಿ ವೈನಿ ಹಿಡಿದ ಕೈಗಳನ್ನು ಬಿಡಿಸಿಕೊಂಡರು. ಅವರ ದನಿ ಅಷ್ಟು ಕಠೋರವಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

"ನನ್ನ ಮಾರಿ ಏನ್ ನೋಡ್ತೀರಿ? ನಾಚಿಕಿ ಬರೂದಿಲ್ಲೇನು ನಿಮಗ? ನಾನು ಈ ಮನಿ ಬಿಟ್ಟು ಎಷ್ಟು ಕಾಲ ಆತು! ನಿಮ್ಮ ವೈನಿ ಒಳಗ ಮಲಗ್ಯಾಳ. ಹೋಗ್ರಿ, ಉಡಿ ತುಂಬರಿ."

ಆಕೆ ಮುಂದಾಗಿ ಹೊಸ್ತಿಲು ದಾಟಿದರು, ಅವರ ಹಿಂದೆ ಹೆಂಗಸರೆಲ್ಲ ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಒಳಗೆ ಹೋದರು. ಚೀಲಕ್ಕೆ ಹೋದ ಖಣ ಹೊರಗೆ ಬಂತು. ಬಳೆ ಇಟ್ಟರು, ದಂಡೆ ಮುಡಿಸಿದರು, ಕುಂಕುಮ ಹಚ್ಚುತ್ತ "ವೈನೀ, ತೊಗೋರಿ" ಎಂದು ಬಾಗಿ ಬಾಗಿ ಹೇಳಿದರು. ನಾನು ಬಾಗಿಲ ಮರೆಯಲ್ಲಿ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಕೇಳಿದೆ. ಗೋದಾಬಾಯಿಯನ್ನು ಈ ಓಣಿ ವೈನಿ ಎಂದು ಕರೆದದ್ದು ಅದೊಂದೇ ಸಲ, ಅದಕ್ಕೂ ದೇಸಾಯಿ ವೈನಿಯ ಅಪ್ಪಣೆ ಬೇಕಾಯಿತು.